ಟೋಕಿಯೋ ಘೂಲ್ ಎರಡನೇ ಸೀಸನ್ ಯಾಕೆ ಹಿಂಗಾಯ್ತು? ಪದೇ ಪದೇ ಕೇಳೋ ಪ್ರಶ್ನೆಗಳು

ಗೊತ್ತಿರೋರು ಯಾರಾದ್ರೂ ಟೋಕಿಯೋ ಘೂಲ್ ಅನ್ನೋ ಅನಿಮೆ (ಜಪಾನಿನ ಕಾರ್ಟೂನ್ ಸರಣಿ) ಮೊದಲನೇ ಸೀಸನ್ ಮುಗಿಸಿದ್ರು ಅಂದ್ರೆ ಮಾರನೇ ದಿನ ನಂಗೊಂದು ಮೆಸೇಜ್ ಗ್ಯಾರಂಟಿ, "ಎರಡನೇದು ನೋಡ್ಲಾ ಬೇಡ್ವಾ" ಅಂತ. ಒಂದು ವಾರ ಬಿಟ್ಟು ಇನ್ನೊಂದು ಬರುತ್ತೆ, "ಇದೇನ್ ಗುರು ಇದು, ತಲೆಬುಡ ಅರ್ಥ ಆಗ್ಲಿಲ್ಲ". ಒಬ್ಬೊಬ್ರಿಗೂ ಬೇರೆ ಬೇರೆ ಟೈಪ್ ಮಾಡಿ ಬೆರಳು ನೋವು ಬಂದಿದೆ, ಅದಕ್ಕೇ ಎಲ್ಲಾ ಒಂದೇ ಕಡೆ ಬರ್ದು ಹಾಕ್ತಿದೀನಿ. ಕಥೆ ಬಿಟ್ಟುಕೊಡದೆ ಇದನ್ನ ಬರಿಯೋಕೆ ಆಗಲ್ಲ, ಸ್ಪಾಯ್ಲರ್ ಬೇಡ ಅನ್ನೋರು ಮೊದಲ ಮೂರು ಪ್ರಶ್ನೆ ಓದಿ ಇಳ್ಕೊಂಡ್ಬಿಡಿ.

ಒಟ್ಟು ಎಷ್ಟು ಸೀಸನ್ ಇದೆ? ಯಾವ ಆರ್ಡರ್‌ನಲ್ಲಿ ನೋಡ್ಬೇಕು?

ಮೊದಲನೇದು ಬರೀ ಟೋಕಿಯೋ ಘೂಲ್, 2014ರ ಜುಲೈನಿಂದ ಸೆಪ್ಟೆಂಬರ್, 12 ಎಪಿಸೋಡ್. ಎರಡನೇದು ಟೋಕಿಯೋ ಘೂಲ್ ರೂಟ್ ಎ, 2015ರ ಜನವರಿಯಿಂದ ಮಾರ್ಚ್, ಅದೂ 12. ಆಮೇಲೆ ಮೂರು ವರ್ಷ ಸುಮ್ನಿದ್ದು 2018ರಲ್ಲಿ ಟೋಕಿಯೋ ಘೂಲ್ ರೀ ಅಂತ ಎರಡು ಭಾಗದಲ್ಲಿ 24 ಎಪಿಸೋಡ್ ಬಂತು. ಎಲ್ಲಾ ಮಾಡಿದ್ದು ಸ್ಟುಡಿಯೋ ಪಿಯೆರೋ, ನರುಟೋ, ಬ್ಲೀಚ್ ಮಾಡಿದ್ರಲ್ಲ ಅವರೇ. ಮೊದಲ ಎರಡಕ್ಕೆ ಡೈರೆಕ್ಟರ್ ಶುಹೇಯಿ ಮೊರಿತಾ, ರೀಗೆ ಒಡಾಹಿರೋ ವತನಾಬೆ. ಇದ್ರ ಜೊತೆ ಜ್ಯಾಕ್, ಪಿಂಟೋ ಅಂತ ಎರಡು ಬಿಡಿ ಕಂತುಗಳಿವೆ, ನೋಡದೇ ಇದ್ರೂ ನಡಿಯುತ್ತೆ. ಈ ಪುಟ ಪೂರ್ತಿ ರೂಟ್ ಎ ಬಗ್ಗೆ, ಯಾಕಂದ್ರೆ ಗಾಡಿ ಹಳಿ ತಪ್ಪಿದ್ದೇ ಅಲ್ಲಿ.

"ರೂಟ್ ಎ" ಅಂದ್ರೆ ಏನು? ಆ ಗಣಿತದ ಚಿಹ್ನೆ ಯಾಕೆ?

ಹೈಸ್ಕೂಲಲ್ಲಿ ಕಾಟ ಕೊಟ್ಟ ವರ್ಗಮೂಲದ ಚಿಹ್ನೆನೇ ಅದು, √. ಜಪಾನಿಯಲ್ಲಿ ಬೇರು ಅನ್ನೋ ರೂಟಿಗೂ ದಾರಿ ಅನ್ನೋ ರೂಟಿಗೂ ಉಚ್ಚಾರ ಒಂದೇ, ಹಂಗಾಗಿ "ಎ ದಾರಿ" ಅಂತಾನೂ ಕೇಳಿಸುತ್ತೆ. ಎ ಅಂದ್ರೆ ಆಓಗಿರಿ, ಕಥೆಯಲ್ಲಿ ಬರೋ ಒಂದು ಗುಂಪು, ಅಂತ ಅಭಿಮಾನಿಗಳು ಹೇಳ್ತಾರೆ, ಕಥೆಗೂ ಅದು ಸರಿಯಾಗಿ ಹೊಂದುತ್ತೆ. ಅಂದ್ರೆ ಹೆಸರಲ್ಲೇ ಹೇಳ್ಬಿಟ್ಟಿದ್ರು ಇದು ಬೇರೆ ದಾರಿ ಅಂತ, ನಾವೇ ಗಮನಿಸ್ಲಿಲ್ಲ.

ನಾನು ಏನೂ ನೋಡಿಲ್ಲ, ಕಥೆ ಏನು ಅಂತ ಚಿಕ್ಕದಾಗಿ ಹೇಳಿ.

ಟೋಕಿಯೋದಲ್ಲಿ ಮನುಷ್ಯರ ಮಧ್ಯೆ ಘೂಲ್‌ಗಳು ಇರ್ತಾರೆ, ನೋಡೋಕೆ ನಮ್ಮ ಥರಾನೇ, ಆದ್ರೆ ಮನುಷ್ಯರ ಮಾಂಸ ಬಿಟ್ಟು ಬೇರೇನೂ ಹೊಟ್ಟೆಗೆ ಹಿಡಿಯಲ್ಲ. ನಮ್ಮ ಬಕಾಸುರನ ಹಂಗೆ ಗಾಡಿಗಟ್ಟಲೆ ಬೇಡ, ಒಂದು ಸಲ ತಿಂದ್ರೆ ತಿಂಗಳು ದೂಡ್ತಾರೆ. ಅವರಿಗೆ ಸೇರೋ ಮನುಷ್ಯರ ಪದಾರ್ಥ ಒಂದೇ, ಕಾಫಿ. (ಇದನ್ನ ಬರೆದೋರು ನಮ್ಮ ಕಡೆಯೋರೇನೋ ಅಂತ ಮೊದಲ ಸಲ ನೋಡಿದಾಗ ಅನ್ನಿಸ್ತು.) ಕಾನೆಕಿ ಕೆನ್ ಅಂತ ಪುಸ್ತಕದ ಹುಳು, ಕಾಲೇಜ್ ಹುಡುಗ, ರಿಜೆ ಅನ್ನೋ ಚೆಂದದ ಹುಡುಗಿ ಜೊತೆ ಹೊರಗೆ ಹೋಗ್ತಾನೆ, ಅವಳು ಘೂಲ್, ಇವನನ್ನ ತಿನ್ನೋಕೆ ಬರ್ತಾಳೆ, ಅಷ್ಟ್ರಲ್ಲಿ ಮೇಲಿಂದ ಕಬ್ಬಿಣದ ತೊಲೆಗಳು ಬೀಳ್ತವೆ. ಆಸ್ಪತ್ರೆಯಲ್ಲಿ ಡಾಕ್ಟರ್ ಕಾನೋ ಅವಳ ಅಂಗಾಂಗ ತೆಗೆದು ಇವನಿಗೆ ಹಾಕ್ತಾನೆ, ಹುಡುಗ ಅರ್ಧ ಮನುಷ್ಯ ಅರ್ಧ ಘೂಲ್ ಆಗ್ತಾನೆ. ಆಮೇಲೆ ಆಂತೈಕು ಅನ್ನೋ ಕಾಫಿ ಅಂಗಡಿಯಲ್ಲಿ ಆಸರೆ ಸಿಗುತ್ತೆ, ಅಲ್ಲಿನ ಘೂಲ್‌ಗಳು ಯಾರನ್ನೂ ಕೊಲ್ಲದೆ ಆತ್ಮಹತ್ಯೆ ಮಾಡ್ಕೊಂಡವರ ದೇಹ ತಂದು ಬದುಕ್ತಿರ್ತಾರೆ. ಆ ಕಡೆ ಘೂಲ್‌ಗಳನ್ನ ಬೇಟೆ ಆಡೋ ಸರ್ಕಾರಿ ಸಂಸ್ಥೆ ಸಿಸಿಜಿ, ಈ ಕಡೆ ಆಓಗಿರಿ ಮರ ಅನ್ನೋ ಉಗ್ರ ಘೂಲ್ ಗುಂಪು, ಮಧ್ಯದಲ್ಲಿ ಈ ಹುಡುಗ.

ಮೊದಲನೇ ಸೀಸನ್ ನಿಜವಾಗ್ಲೂ ಅಷ್ಟು ಚೆನ್ನಾಗಿತ್ತಾ, ಇಲ್ಲ ನಿಮಗೆ ಹಳೇ ನೆನಪಿನ ಮೋಹನಾ?

ಮಂಗಾ, ಅಂದ್ರೆ ಇದರ ಮೂಲ ಜಪಾನಿ ಕಾಮಿಕ್ಸ್, ಓದಿದವರು ಆಗ್ಲೇ ಗೊಣಗ್ತಿದ್ರು, ಬಹಳ ಕತ್ತರಿ ಆಡಿಸಿದಾರೆ ಅಂತ, ಟಿವಿ ಆವೃತ್ತಿಯಲ್ಲಂತೂ ರಕ್ತ ಕಾಣಬಾರ್ದು ಅಂತ ಅರ್ಧ ಸ್ಕ್ರೀನ್ ಕಪ್ಪು ಮಾಡಿದ್ರು, ಬಣ್ಣ ಉಲ್ಟಾ ಮಾಡಿದ್ರು. ಇಷ್ಟಿದ್ರೂ 12ನೇ ಎಪಿಸೋಡ್ ಎಲ್ಲಾನೂ ಮರೆಸಿಬಿಡ್ತು. ಆಓಗಿರಿ ಗುಂಪಿನ ಯಮೋರಿ ಕಾನೆಕಿನ ಕುರ್ಚಿಗೆ ಕಟ್ಟಿ ಕೈಕಾಲಿನ ಬೆರಳು ಕತ್ತರಿಸ್ತಾನೆ, ಘೂಲ್ ಮೈ ಆದ್ರಿಂದ ಅವು ಮತ್ತೆ ಬೆಳೀತವೆ, ಅವನು ಮತ್ತೆ ಕತ್ತರಿಸ್ತಾನೆ, ಜೊತೆಗೆ ಸಾವಿರದಿಂದ ಏಳೇಳು ಕಳೀತಾ ಎಣಿಸು ಅಂತಾನೆ, 993, 986... ಕಿವಿಯೊಳಗೆ ಜರಿ ಬೇರೆ ಬಿಡ್ತಾನೆ. ನಾನಿದನ್ನ ನಡುಮನೆಯಲ್ಲಿ ಊಟ ಮಾಡ್ಕೊಂಡು ನೋಡ್ತಿದ್ದೆ, ಅಮ್ಮ ಸಾರು ಬಡಿಸೋಕೆ ಬಂದವರು ಒಂದು ಸಲ ಸ್ಕ್ರೀನ್ ನೋಡಿ, ಒಂದು ಸಲ ನನ್ನ ನೋಡಿ, "ಇದನ್ನ ನೋಡ್ಕೊಂಡು ನಿನಗೆ ಅನ್ನ ಇಳಿಯುತ್ತೇನೋ" ಅಂದ್ರು. ಇಳಿದಿರ್ಲಿಲ್ಲ.

ಆ ಹಿಂಸೆಯ ಕೊನೇಲಿ ಕೂದಲು ಬೆಳ್ಳಗಾದ ಕಾನೆಕಿ ಎದ್ದು ನಿಲ್ತಾನೆ, ತಾನು ಘೂಲ್ ಅಂತ ಮೊದಲ ಸಲ ಒಪ್ಕೋತಾನೆ, ಯಮೋರಿನ ಮಲಗಿಸ್ತಾನೆ, ಸೀಸನ್ ಮುಗೀತು. ಅಲ್ಲಿ ನಿಲ್ಲಿಸಿ ಮೂರೂವರೆ ತಿಂಗಳು ಕಾಯಿಸಿದ್ರು. ಕಾದವರಿಗೆ ಬೇಕಾಗಿದ್ದು ಒಂದೇ ಪ್ರಶ್ನೆಗೆ ಉತ್ತರ: ಈ ಹುಡುಗ ಈಗ ಯಾರಾದ?

ಮಂಗಾದಲ್ಲಿ ಏನಾಗುತ್ತೆ, ರೂಟ್ ಎ ನಲ್ಲಿ ಏನಾಗುತ್ತೆ?

ಮಂಗಾದಲ್ಲಿ ಕಾನೆಕಿ ಆಂತೈಕುಗೆ ವಾಪಸ್ ಹೋಗಲ್ಲ, ಆದ್ರೆ ಆಓಗಿರಿಗೂ ಸೇರಲ್ಲ. ತನ್ನದೇ ಪುಟ್ಟ ಗುಂಪು ಕಟ್ಕೋತಾನೆ, ಬಂಜೋ, ಪುಟ್ಟ ಹುಡುಗಿ ಹಿನಾಮಿ, ಅಷ್ಟೇ ಯಾಕೆ, ಮೊದಲು ಇವನನ್ನ ತಿನ್ನೋಕೆ ಜೊಲ್ಲು ಸುರಿಸ್ತಿದ್ದ ತ್ಸುಕಿಯಾಮಾ ಕೂಡ ಸೇರ್ಕೋತಾನೆ. ಉದ್ದೇಶ ಸ್ಪಷ್ಟ, ತನ್ನನ್ನ ಹಿಂಗೆ ಮಾಡಿದ ಡಾಕ್ಟರ್ ಕಾನೋ ಯಾರು, ಯಾಕೆ ಮಾಡ್ದ, ರಿಜೆಯ ಹಿಂದಿನ ಕಥೆ ಏನು ಅಂತ ಹುಡುಕೋದು, ಮತ್ತೆ ತನ್ನವರನ್ನ ಯಾರೂ ಮುಟ್ಟದ ಹಂಗೆ ಬಲ ಬೆಳೆಸ್ಕೊಳ್ಳೋದು. ಬಲಕ್ಕೋಸ್ಕರ ಬೇರೆ ಘೂಲ್‌ಗಳನ್ನ ತಿನ್ನೋಕೆ ಶುರು ಮಾಡ್ತಾನೆ, ತಿಂತಾ ತಿಂತಾ ತಲೆ ಕೆಡುತ್ತೆ. ಎಲ್ಲರನ್ನೂ ಕಾಪಾಡ್ತೀನಿ ಅಂತ ಹೊರಟವನೇ ತನ್ನ ಮೇಲೆ ಹಿಡಿತ ಕಳ್ಕೊಂಡು ಪಕ್ಕದಲ್ಲಿ ನಿಂತ ಬಂಜೋಗೇ ಏಟು ಹಾಕ್ತಾನಲ್ಲ, ಆ ಜಾಗ ಓದುವಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ ನಾನು.

ರೂಟ್ ಎ ನಲ್ಲಿ ಮೊದಲ ಎಪಿಸೋಡ್ ಕೊನೇಲೇ ಕಾನೆಕಿ ಆಓಗಿರಿಗೆ ಸೇರ್ತೀನಿ ಅಂತಾನೆ. ಅಂದ್ರೆ ತನ್ನ ಬೆರಳು ಕತ್ತರಿಸಿದವನಿದ್ದ ಗುಂಪಿಗೇ! ಆಂತೈಕುನಲ್ಲಿ ಜೊತೆಗಿದ್ದ ಘೂಲ್ ಹುಡುಗಿ ಟೋಕಾ ಬಾಯಿ ಬಿಟ್ಕೊಂಡು ನಿಲ್ತಾಳೆ, ನಾವೂ. ಸರಿ, ಏನೋ ದೊಡ್ಡ ಪ್ಲ್ಯಾನ್ ಇರ್ಬೇಕು, ಮುಂದಿನ ವಾರ ಹೇಳ್ತಾರೆ ಅಂತ ಕಾದ್ವಿ. ಮುಂದಿನ ವಾರ ಹೇಳ್ಲಿಲ್ಲ, ಅದರ ಮುಂದಿನ ವಾರಾನೂ ಇಲ್ಲ, ಹಂಗೇ ಮಾರ್ಚ್ ಬಂತು. ಬಲ ಬೇಕು, ಆಂತೈಕುನ ಉಳಿಸ್ಬೇಕು ಅಂತ ಸೇರಿದಾನೆ ಅಂತ ನಾವೇ ಅಲ್ಲೊಂದು ಇಲ್ಲೊಂದು ಸುಳಿವು ಹೆಕ್ಕಿ ಊಹಿಸ್ಕೋಬೇಕು. ಅವನು ಮಾತೇ ಆಡಲ್ಲ! ಮೊದಲ ಸೀಸನ್‌ನಲ್ಲಿ ಅವನ ತಲೆಯೊಳಗೆ ಕೂತು ಎಲ್ಲಾ ಕೇಳಿಸ್ಕೊಂಡಿದ್ವಿ, ಹಸಿವು, ಭಯ, ನಾಚಿಕೆ, ಎಲ್ಲಾ. ಎರಡನೇದ್ರಲ್ಲಿ ಬಾಗಿಲು ಹಾಕ್ಕೊಂಡ್ಬಿಟ್ಟ. ಕಥೆಯ ನಾಯಕ ತನ್ನದೇ ಸೀಸನ್‌ನಲ್ಲಿ ಅತಿಥಿ ನಟನ ಥರ ಆಗಾಗ ಬಂದು, ಶೂನ್ಯ ನೋಡಿ, ಹೋಗ್ತಾನೆ.

ಆದ್ರೆ ಆ ಬದಲಾವಣೆ ಮಂಗಾ ಬರೆದವರದ್ದೇ ಐಡಿಯಾ ಅಂತಾರಲ್ಲ? ಹಂಗಿದ್ರೆ ತಪ್ಪೇನು?

ಹೌದು, ರೂಟ್ ಎ ಕಥೆಯ ಕರಡು ಸುಯಿ ಇಶಿದಾ ಅವರದ್ದೇ. ಈ ವಾದ ಬಹಳ ಜನ ತರ್ತಾರೆ, ಮೂಲ ಲೇಖಕರೇ ಒಪ್ಪಿರೋವಾಗ ನೀನ್ಯಾರೋ ಕೇಳೋಕೆ ಅಂತ. ಸರಿ, ಬದಲಾಯಿಸಿದ್ದೇ ತಪ್ಪು ಅಂತ ನಾನು ಯಾವತ್ತೂ ಹೇಳಿಲ್ಲ. ನಿಜ ಹೇಳ್ಬೇಕು ಅಂದ್ರೆ ಐಡಿಯಾ ಸಖತ್ತಾಗಿದೆ, ಹಿಂಸೆ ಕೊಟ್ಟವರ ಮನೆಗೇ ಹೋಗಿ ಸೇರೋ ಹುಡುಗ, ಅವನ ಎದುರು ನಿಲ್ಲಬೇಕಾದ ಹಳೇ ಗೆಳೆಯರು, ಇದ್ರಲ್ಲಿ ಎಷ್ಟು ಜಗಳ, ಎಷ್ಟು ಸಂಕಟ ಇಡಬಹುದಿತ್ತು ಯೋಚನೆ ಮಾಡಿ. ರಾತ್ರಿ ಆಓಗಿರಿ ಜೊತೆ ಕೂತು ಏನ್ ಮಾತಾಡ್ತಾನೆ? ಅವರು ಮಾಡೋ ಕೊಲೆ ನೋಡ್ಕೊಂಡು ಹೆಂಗೆ ಸುಮ್ನಿರ್ತಾನೆ? ಟೋಕಾ ತಮ್ಮ ಅಯಾತೋ ಅದೇ ಗುಂಪಲ್ಲಿದಾನೆ, ಅವನ ಜೊತೆ ಇವನ ಸಂಬಂಧ ಏನು? ಇದ್ಯಾವುದಕ್ಕೂ ಜಾಗ ಇಲ್ಲ. ತಿರುವು ಇಟ್ರು, ಅದರ ಕಾರಣ ಇಡ್ಲಿಲ್ಲ, ಪರಿಣಾಮಾನೂ ಇಡ್ಲಿಲ್ಲ.

ಮೂಲ ಬಿಟ್ಟು ಹೋಗಿ ಗೆದ್ದಿರೋ ಉದಾಹರಣೆ ಇಲ್ವಾ, ಇದೆ. ಫುಲ್‌ಮೆಟಲ್ ಆಲ್ಕೆಮಿಸ್ಟ್ 2003ರಲ್ಲಿ ಬಂದಾಗ ಮಂಗಾ ಇನ್ನೂ ನಡೀತಿತ್ತು, ಅವರು ಮಧ್ಯದಿಂದ ತಮ್ಮದೇ ಕಥೆ ಮಾಡಿ 51 ಎಪಿಸೋಡ್‌ಗೆ ಮುಗಿಸಿದ್ರು, ಇವತ್ತಿಗೂ ಅದೇ ಚೆನ್ನಾಗಿದೆ ಅಂತ ವಾದ ಮಾಡೋರಿದಾರೆ. ಅಲ್ಲಿ ಹೊಸ ದಾರಿಗೆ ಹೊಸ ಕಾರಣಗಳನ್ನೂ ಕಟ್ಟಿದ್ರು.

ಇನ್ನೊಂದು ತಮಾಷೆ ಏನಂದ್ರೆ, ಘೂಲ್ ಮೊದಲ ಮಂಗಾ ಮುಗಿದಿದ್ದು 2014ರ ಸೆಪ್ಟೆಂಬರ್ 18ಕ್ಕೆ, ಅನಿಮೆ ಮೊದಲ ಸೀಸನ್ ಮುಗಿದಿದ್ದು ಅದರ ಮಾರನೇ ದಿನ. ಅಂದ್ರೆ ರೂಟ್ ಎ ಟಿವಿಗೆ ಬರೋ ಹೊತ್ತಿಗೆ ಪೂರ್ತಿ ಕಥೆ ಅಂಗಡಿಯಲ್ಲಿತ್ತು. ಅನಿಮೆ ಕೆಲಸ ತಿಂಗಳುಗಟ್ಟಲೆ ಮುಂಚೆ ಶುರುವಾಗುತ್ತೆ, ಒಪ್ಕೋತೀನಿ, ಆದ್ರೆ ಕಥೆ ಮುಂದೇನಾಗುತ್ತೋ ಗೊತ್ತಿರ್ಲಿಲ್ಲ ಅನ್ನೋ ನೆಪ ಇವರಿಗೆ ಸಲ್ಲಲ್ಲ, ಕರಡು ಕೊಟ್ಟಿದ್ದು ಕಥೆಗಾರರೇ ಅಲ್ವಾ.

12 ಎಪಿಸೋಡ್ ಸಾಲ್ಲಿಲ್ಲ, ಅಷ್ಟೇ ಅಲ್ವಾ ಪ್ರಾಬ್ಲಮ್ಮು?

ಲೆಕ್ಕ ಹಾಕೋಣ. ಮೊದಲ ಮಂಗಾ 14 ಸಂಪುಟ, 143 ಅಧ್ಯಾಯ. ಎರಡು ಸೀಸನ್ ಸೇರಿ 24 ಎಪಿಸೋಡ್, ಅಂದ್ರೆ ತಲೆಗೆ ಆರು ಅಧ್ಯಾಯ. ಎರಡೋ ಮೂರೋ ಅಧ್ಯಾಯಕ್ಕೆ ಒಂದು ಎಪಿಸೋಡ್ ಆದ್ರೆ ಉಸಿರಾಡೋಕೆ ಜಾಗ ಇರುತ್ತೆ, ಆರು ಅಂದ್ರೆ ಬೆಳಗ್ಗೆ ಒಂಬತ್ತರ ಬಿಎಂಟಿಸಿ ಬಸ್ಸು. ಹಂಗಾಗಿ ಸಾಲ್ಲಿಲ್ಲ ಅನ್ನೋದು ನಿಜಾನೇ. ಆದ್ರೆ ಇದ್ದ ಸಮಯಾನ ಹೆಂಗೆ ಖರ್ಚು ಮಾಡಿದ್ರು ನೋಡಿ, ಕಾನೆಕಿ ಸುಮ್ನೆ ನಿಂತಿರೋದು, ಟೋಕಾ ಸುಮ್ನೆ ನಡೆಯೋದು, ಆಕಾಶ, ಮಳೆ, ಮತ್ತೆ ಆಕಾಶ. ಮನೇಲಿ ಅಕ್ಕಿ ಕಮ್ಮಿ ಇದ್ದಾಗ ಇರೋ ಅನ್ನಾನ ಚೆಲ್ಲಿದ ಹಂಗೆ. ಮೌನ ಚೆಂದ, ಆದ್ರೆ ಮೌನದ ಹಿಂದೆ ಏನೋ ಇದೆ ಅಂತ ನೋಡೋನಿಗೆ ಗೊತ್ತಿರ್ಬೇಕಲ್ಲ.

ಹಂಗಾದ್ರೆ ಈ ಸೀಸನ್‌ನಲ್ಲಿ ಒಳ್ಳೇದು ಏನೂ ಇಲ್ವಾ?

ಇದೆ! ವಿಚಿತ್ರ ಅಂದ್ರೆ ಒಳ್ಳೇದೆಲ್ಲಾ ಸಿಸಿಜಿ ಕಡೆ ಇದೆ. ಅಮೋನ್ ಮತ್ತು ಅಕಿರಾ ಜೋಡಿ, ಅಕಿರಾ ತನ್ನ ಅಪ್ಪನ ಸಾವಿನ ದುಃಖ ಒಳಗಿಟ್ಕೊಂಡು ಮೇಲೆ ಗಡುಸಾಗಿ ಆಡೋದು, ಕುಡಿದಾಗ ಅದು ಹೊರಗೆ ಬರೋದು, ಅಮೋನ್‌ಗೆ ಏನ್ ಮಾಡ್ಬೇಕು ಗೊತ್ತಾಗದೇ ಇರೋದು, ಇದೆಲ್ಲಾ ನಿಧಾನಕ್ಕೆ ಚೆನ್ನಾಗಿ ಬಂದಿದೆ. ಜೂಜೋ ಇನ್ನೊಬ್ಬ, ನೋವೇ ಗೊತ್ತಾಗದ ಹಂಗೆ ಬೆಳೆದ ಹುಡುಗ, ಮೈಮೇಲೆ ದಾರದಲ್ಲಿ ಹೊಲಿಗೆ ಹಾಕ್ಕೊಂಡು ಓಡಾಡ್ತಾನೆ, ಶಿನೊಹಾರಾ ಅವನನ್ನ ಮಗನ ಥರ ನೋಡ್ಕೋತಾನೆ. ಕೊನೇ ಯುದ್ಧದಲ್ಲಿ ಶಿನೊಹಾರಾಗೆ ಏಟು ಬಿದ್ದಾಗ ಜೂಜೋ ಕೂಗೋದು ಕೇಳಿ, ಇಡೀ ಸೀಸನ್‌ನಲ್ಲಿ ನನ್ನ ಕಣ್ಣು ಒದ್ದೆ ಆಗಿದ್ದು ಅಲ್ಲೇ. ಬೇಟೆಗಾರರ ಬಗ್ಗೆ ಇಷ್ಟು ಮರುಗೋ ಹಂಗೆ ಮಾಡೋಕೆ ಬರುತ್ತೆ ಅಂದ್ಮೇಲೆ ಕಾನೆಕಿಗೆ ಯಾಕೆ ಮಾಡ್ಲಿಲ್ಲ ಅನ್ನೋ ಸಿಟ್ಟು ಆಮೇಲೆ ಇನ್ನೂ ಜಾಸ್ತಿ ಆಯ್ತು.

ಯುತಕಾ ಯಮಾದಾ ಅವರ ಹಿನ್ನೆಲೆ ಸಂಗೀತದ ಬಗ್ಗೆ ಎರಡು ಮಾತಿಲ್ಲ, ಸೀನ್ ಖಾಲಿ ಇದ್ರೂ ಸಂಗೀತ ತುಂಬಿಸುತ್ತೆ.

ಓಪನಿಂಗ್ ಹಾಡಿಗೆ ಯಾಕೆ ಎಲ್ಲರೂ ಬೈತಾರೆ?

ಹಾಡಿಗಲ್ಲ, ಅದರ ಜಾಗಕ್ಕೆ. ಮೊದಲ ಸೀಸನ್‌ದು ಟಿಕೆ ಹಾಡಿದ ಅನ್‌ರಾವೆಲ್, ಅನಿಮೆ ನೋಡದವರಿಗೂ ಗೊತ್ತು. ಅದರ ಜಾಗದಲ್ಲಿ ಮುನೋ ಅಂತ ಒಂದು ನಿಧಾನದ ಹಾಡು, ಜೊತೆಗೆ ಹೆಚ್ಚುಕಮ್ಮಿ ಅಲುಗಾಡದ ಚಿತ್ರ. ಏನೇ ಹಾಕಿದ್ರೂ ಬೈಸ್ಕೋತಿದ್ರು ಬಿಡಿ. ಕೊನೇ ಹಾಡು ಮಾತ್ರ ಸ್ಕಿಪ್ ಮಾಡ್ಬೇಡಿ, ಅಮಾಜರಾಶಿ ಬ್ಯಾಂಡಿನದ್ದು, ಜೊತೆಗೆ ಬರೋ ಚಿತ್ರಗಳು ಇಶಿದಾ ಕೈಯವು.

ಕೊನೇ ಎಪಿಸೋಡಲ್ಲಿ ನಿಜಕ್ಕೂ ಆಗಿದ್ದೇನು?

ಸಿಸಿಜಿ ಆಂತೈಕು ಮೇಲೆ ದಾಳಿ ಮಾಡುತ್ತೆ. ಗಾಯಗೊಂಡ ಕಾನೆಕಿಗೆ ಹಿದೆ ಸಿಗ್ತಾನೆ, ಚಿಕ್ಕಂದಿನ ಗೆಳೆಯ, ಇವನು ಘೂಲ್ ಆಗಿರೋದು ನಂಗೆ ಯಾವಾಗ್ಲೋ ಗೊತ್ತಿತ್ತು ಅಂತಾನೆ. ಇಷ್ಟು ದಿನ ಯಾರಿಂದ ಮುಚ್ಚಿಟ್ಟು ಒದ್ದಾಡಿದ್ನೋ ಅವನಿಗೇ ಮೊದಲಿಂದ ಗೊತ್ತಿತ್ತು ಅಂದ್ರೆ ಹೆಂಗಾಗಿರ್ಬೇಡ. ಆಮೇಲೆ ಹಿದೆಯ ದೇಹ ಎತ್ಕೊಂಡು ಕಾನೆಕಿ ಹಿಮದಲ್ಲಿ ಸಿಸಿಜಿ ಪಡೆಯ ಮಧ್ಯೆ ನಡೀತಾನೆ, ಅನ್‌ರಾವೆಲ್ ಮೆಲ್ಲಗೆ ಗಿಟಾರಿನಲ್ಲಿ ಬರುತ್ತೆ, ಎದುರಿಗೆ ಸಿಸಿಜಿಯ ಬೇಟೆಗಾರ ಅರಿಮಾ ನಿಂತಿದಾನೆ. ಮುಗೀತು. ಗೆದ್ನಾ ಸೋತ್ನಾ ಸತ್ನಾ, ಏನೂ ಇಲ್ಲ.

ಒಂದು ಸೀನ್ ಆಗಿ ನೋಡಿದ್ರೆ ಅದ್ಭುತ, ಬೇಕಂತಲೇ ಹೇಳ್ತೀನಿ. ಆದ್ರೆ ಮಂಗಾದಲ್ಲಿ ಇದೇ ಜಾಗದಲ್ಲಿ ನೆಲದಡಿ ಅರಿಮಾ ಮತ್ತು ಕಾನೆಕಿ ಮುಖಾಮುಖಿ ಆಗ್ತಾರೆ, ಅರಿಮಾ ಅವನ ಕಣ್ಣಿಗೇ ಚುಚ್ತಾನೆ, ಹುಡುಗ ಹೀನಾಯವಾಗಿ ಸೋಲ್ತಾನೆ. ಮುಂದಿನ ಇಡೀ ಕಥೆ ನಿಂತಿರೋದು ಆ ಸೋಲಿನ ಮೇಲೆ. ಅಡಿಪಾಯ ಬಿಟ್ಟು ಮನೆ ಎಬ್ಬಿಸಿದ್ರೆ ಏನಾಗುತ್ತೆ ಅನ್ನೋದು ಮುಂದಿನ ಉತ್ತರದಲ್ಲಿದೆ.

ರೂಟ್ ಎ ನೋಡಿ ನೇರ ರೀಗೆ ಹೋದ್ರೆ ಅರ್ಥ ಆಗುತ್ತಾ?

ಆಗಲ್ಲ. ರೀ ಶುರುವಾಗೋದು ಹಾಯ್ಸೆ ಸಾಸಾಕಿ ಅನ್ನೋ ಸಿಸಿಜಿ ಅಧಿಕಾರಿಯಿಂದ, ಹಳೇದೇನೂ ನೆನಪಿಲ್ಲದ ಕಾನೆಕಿನೇ ಅವನು, ಅರಿಮಾ ಕೈಕೆಳಗೆ ಕೆಲಸ ಮಾಡ್ತಿದಾನೆ. ಹೆಂಗೆ ನೆನಪು ಹೋಯ್ತು, ಯಾಕೆ ಸಿಸಿಜಿಗೆ ಬಂದ, ಎಲ್ಲಾ ಮಂಗಾದ ಸೋಲಿನ ಮುಂದುವರಿಕೆ. ರೀ ಅನಿಮೆ ಮತ್ತೆ ಮಂಗಾ ದಾರಿಗೇ ಬಂದ್ಬಿಡ್ತು, ಆಓಗಿರಿಗೆ ಸೇರಿದ್ದು ಆಗೇ ಇಲ್ಲ ಅನ್ನೋ ಹಂಗೆ. ಸೊಸೆ ತವರಿಗೆ ಹೋಗಿ ವಾಪಸ್ ಬಂದಾಗ ಜಗಳದ ಮಾತೇ ಎತ್ತಬಾರ್ದು ಅಂತಾರಲ್ಲ, ಹಂಗೆ ಯಾರೂ ರೂಟ್ ಎ ಮಾತೆತ್ತಲ್ಲ. ಮಂಗಾದಲ್ಲಿ ಕಾನೆಕಿ ಕಟ್ಟಿದ ಗುಂಪು, ತ್ಸುಕಿಯಾಮಾ ಜೊತೆಗಿನ ನಂಟು, ಇದ್ಯಾವುದೂ ಅನಿಮೆ ನೋಡಿದವನಿಗೆ ಗೊತ್ತಿರಲ್ಲ, ಆದ್ರೆ ಕಾನೆಕಿನ ಕಳ್ಕೊಂಡ ದುಃಖಕ್ಕೆ ತ್ಸುಕಿಯಾಮಾ ಹಾಸಿಗೆ ಹಿಡಿದಿದಾನೆ, ನೋಡೋನು "ಇವನಿಗ್ಯಾಕಪ್ಪಾ ಇಷ್ಟು" ಅಂತ ಕಣ್ಣು ಕಣ್ಣು ಬಿಡ್ತಾನೆ.

ವೇಗ ಇನ್ನೂ ಜಾಸ್ತಿ ಬೇರೆ. ರೀ ಮಂಗಾ 179 ಅಧ್ಯಾಯ, 24 ಎಪಿಸೋಡ್, ಹೆಚ್ಚುಕಮ್ಮಿ ಏಳೂವರೆ. ಅದ್ರಲ್ಲೂ ಅರ್ಧಕ್ಕಿಂತ ಹೆಚ್ಚು ಕಥೇನ ಕೊನೇ 12ಕ್ಕೆ ತುರುಕಿದಾರೆ.

ಹಿದೆ ಸತ್ನಾ ಇಲ್ವಾ? ಇದೊಂದು ಹೇಳಿ ಸಾಕು.

ರೂಟ್ ಎ ನೋಡಿದ್ರೆ ಸತ್ತ ಹಂಗೇ ಇದೆ. ರೀಯಲ್ಲಿ ಬದುಕಿದಾನೆ. ಹಿಮದಲ್ಲಿ ಅತ್ತಿದ್ದೆಲ್ಲಾ ದಂಡ.

ಪ್ರಾಮಿಸ್ಡ್ ನೆವರ್‌ಲ್ಯಾಂಡ್ ಎರಡನೇ ಸೀಸನ್ ಇದಕ್ಕಿಂತ ಕೆಟ್ಟದಲ್ವಾ?

ಇದು ವರ್ಷಕ್ಕೊಮ್ಮೆ ಬರೋ ಜಗಳ. 2021ರ ಆ ಸೀಸನ್ ಗೋಲ್ಡಿ ಪಾಂಡ್ ಅನ್ನೋ ಇಡೀ ಘಟ್ಟಾನ ಹಾರಿಸಿ, ಯೂಗೋ ಅನ್ನೋ ಪಾತ್ರನೇ ತೆಗೆದು, ಮಂಗಾದ ಅಷ್ಟೂ ಉಳಿದ ಕಥೇನ 11 ಎಪಿಸೋಡಿಗೆ ಮುಗಿಸಿ, ಕೊನೇಲಿ ಮದುವೆ ಆಲ್ಬಮ್ ಥರ ಚಿತ್ರ ಒಂದಾದ್ಮೇಲೆ ಒಂದು ತೋರಿಸಿ ಕೈ ತೊಳ್ಕೊಂಡ್ರು. ಅದು ಅವಸರಕ್ಕೆ ಸತ್ತಿದ್ದು. ರೂಟ್ ಎ ಗೆ ಹೇಳೋಕೆ ಹೊಸದೇನೋ ಇತ್ತು, ಅದನ್ನ ಬಾಯಿಬಿಟ್ಟು ಹೇಳ್ಲಿಲ್ಲ. ನನಗೆ ರೂಟ್ ಎ ನೇ ಹೆಚ್ಚು ಹೊಟ್ಟೆ ಉರಿಸುತ್ತೆ, ನಿಮಗೆ ನೆವರ್‌ಲ್ಯಾಂಡ್ ಉರಿಸಿದ್ರೆ ನನ್ನ ತಕರಾರಿಲ್ಲ.

ಕೊನೆಗೂ ನೋಡ್ಲಾ ಬೇಡ್ವಾ? ಮಂಗಾ ಎಲ್ಲಿಂದ ಓದ್ಲಿ?

ಮೊದಲ ಸೀಸನ್ ನೋಡಿ, ಆಮೇಲೆ ಮಂಗಾ ಒಂದನೇ ಅಧ್ಯಾಯದಿಂದ. ಅನಿಮೆ ನಿಂತ ಕಡೆಯಿಂದ ಓದ್ತೀನಿ ಅಂತ ಮಧ್ಯಕ್ಕೆ ಹೋಗ್ಬೇಡಿ, ಮೊದಲ ಸೀಸನ್ನೇ ಹಿಂದೆ ಮುಂದೆ ಮಾಡಿ ಹೊಲಿದಿದಾರೆ, ಹೊಲಿಗೆ ಕೂಡಲ್ಲ. 14 ಸಂಪುಟ ಆದ್ಮೇಲೆ ರೀ 16 ಸಂಪುಟ. ಇದೆಲ್ಲಾ ಓದಿ ಆದ್ಮೇಲೆ ಬೇಕಿದ್ರೆ ರೂಟ್ ಎ ಹಾಕಿ, ಆಗ ಅದು ಬೇರೆ ಥರ ಕಾಣುತ್ತೆ, ಕಾನೆಕಿ ಸುಮ್ನೆ ನಿಂತಿರೋವಾಗ ಅವನ ತಲೇಲಿ ಏನ್ ಓಡ್ತಿದೆ ಅಂತ ನೀವೇ ತುಂಬಿಸ್ಕೋತೀರ. ನಾನು ಮೂರನೇ ಸಲ ನೋಡಿದ್ದು ಹಂಗೇ.

ಮನೇಲಿ ಚಿಕ್ಕ ಮಕ್ಕಳಿದ್ರೆ?

ಬೇಡ. ಅಮ್ಮ ಸಾರು ಬಡಿಸೋ ಹೊತ್ತಲ್ಲೂ ಬೇಡ.